ಎಡಗಾಲಿನ ಲೆಕ್ಕ

ಉಗ್ರಾಣಕ್ಕೆ ಅವನು ಸಾಹೇಬ, ನಾನು ಗುಮಾಸ್ತ.
ಜೆಬೆಲ್ ದುಖಾನಿನ ಬುಡದ ಎಣ್ಣೆ ಕ್ಯಾಂಪು,
ಮೂವತ್ತೆಂಟನೇ ಇಸವಿಯ ಜೂನ್.
ತಗಡಿನ ಮಾಡಿನ ಕೆಳಗೆ
ವಾಲ್ವು, ಬೋಲ್ಟು, ಆರಿಂಚಿನ ಕೊಳವೆ ಎಣಿಸುತ್ತ
ಒಂದೇ ಹೂಜಿಯ ನೀರು ಕುಡಿಯುತ್ತಿದ್ದೆವು,
ಬೇರೆ ಬೇರೆ ಲೋಟದಲ್ಲಿ.

ವಾಟ್ ಗಿಲ್‌ಕ್ರೈಸ್ಟ್. ಆ ಹೆಸರು ನನ್ನ ಬಾಯಲ್ಲಿ
ಕೊನೆಗೂ ಕೂರಲಿಲ್ಲ,
ಅವನ ಬಾಯಲ್ಲಿ ಗಂಗೊಳ್ಳಿ ಕೂರದ ಹಾಗೆ.
ಖಾರ್ವಿ ಅನ್ನುವಾಗ ಮಾತ್ರ ಆ ಒಂದು ರಕಾರವನ್ನು
ದೋಣಿ ದಡಕ್ಕೆಳೆಯುವಾಗಿನ ಮರದ ದಿಂಡಿನಂತೆ
ಮೂರು ಸಲ ಉರುಳಿಸುತ್ತಿದ್ದ.

ನಡೆಯುವುದು ಬಲಗಾಲು. ಎಡಗಾಲು ಹಿಂದಿನಿಂದ
ತಡವಾಗಿ ಬಂದ ಕೂಲಿಯಾಳಿನಂತೆ ಬರುತ್ತಿತ್ತು.

ಮಧ್ಯಾಹ್ನ ಕೆಲಸ ನಿಂತಾಗ ಹೇಳುತ್ತಿದ್ದ:
ಹದಿನಾಲ್ಕಕ್ಕೆ ಕಲ್ಲಿದ್ದಲ ಗಣಿ,
ಹತ್ತೊಂಬತ್ತಕ್ಕೆ ಊರ ತಂಡದ ಎಡ ಅಂಚು.
ಸುರಂಗದಲ್ಲಿ ಬಗ್ಗಿ ಬಗ್ಗಿ ಕಲಿತದ್ದು
ಹುಲ್ಲಿನ ಮೇಲೆ ಕೆಲಸಕ್ಕೆ ಬಂತಂತೆ:
ಭುಜ ಇತ್ತ ಬೀಳುವುದು, ಚೆಂಡು ಅತ್ತ ಹೋಗುವುದು,
ಎದುರಿನವನು ಗಾಳಿಗೆ ಒದೆಯುವುದು.
ಇಪ್ಪತ್ತಾರರಲ್ಲಿ ಇಂಗ್ಲೆಂಡಿನ ತಂಡವೊಂದಕ್ಕೆ ಮಾರಿದರು.
ಮಾರಿದರು ಅಂದರೆ?
ಮಾರಿದರು ಅಂದರೆ ಮಾರಿದರು.
ದುಡ್ಡು ಹಳೆಯ ತಂಡಕ್ಕೆ, ರೈಲಿನ ಟಿಕೇಟು ನನಗೆ.
ಚಳಿಗಾಲಕ್ಕೆ ವಾರಕ್ಕೆ ಎಂಟು ಪೌಂಡು, ಬೇಸಿಗೆಗೆ ಆರು,
ದೇವರೇ ಇಳಿದು ಆಡಿದರೂ ಎಂಟೇ.

ನಮ್ಮ ಬಂದರಿನಲ್ಲಿ ಹರಾಜು ಕೂಗುವಾಗ
ಅಪ್ಪ ಅಂಜಲಿನ ಕಿವಿರು ಬಿಡಿಸಿ ತೋರಿಸುತ್ತಿದ್ದದ್ದು
ನೆನಪಾಯಿತು. ಹೇಳಲಿಲ್ಲ.

ಐದು ವರ್ಷ ತುಂಬಿದರೆ ಇನಾಮು,
ಒಂದು ಪಂದ್ಯದ ಗಲ್ಲಾ ಪೂರ್ತಿ.
ನಾಲ್ಕು ವರ್ಷ ಹನ್ನೊಂದು ತಿಂಗಳಿಗೆ
ಕೆಸರಿನ ಒಂದು ಶನಿವಾರ
ಮಂಡಿಯೊಳಗೆ ಒದ್ದೆ ಹಗ್ಗ ತುಂಡಾದ ಸದ್ದು.
(ಆ ಸದ್ದು ನನಗೂ ಗೊತ್ತು.)
ಆಮೇಲೆ ಬಿಡುಗಡೆಯ ಪಟ್ಟಿ. ಆಮೇಲೆ ಹಾಲಿನ ಗಾಡಿ,
ಕೆಲಸವಿಲ್ಲದವರ ಸಾಲು, ಹಡಗು, ಈ ತಗಡು.

ಒಂದು ಸಂಜೆ ಕಾಗದ ಬರೆಸಿದ, ನನ್ನ ಅಕ್ಷರ ದುಂಡಗೆ ಅಂತ.
ಒಂದು ತಿಂಗಳು ಕಡಿಮೆ ಬಿದ್ದದ್ದು
ನನ್ನ ತಪ್ಪಲ್ಲ, ಮಹನೀಯರೇ.
ನಾಲ್ಕು ತಿಂಗಳಿಗೆ ಉತ್ತರ, ಎರಡು ಸಾಲು:
ಹಳೆಯ ರಿಜಿಸ್ಟರು ನೆರೆಯಲ್ಲಿ ನೆನೆದಿದೆ;
ಆ ಹೆಸರಿನವರು ಆಡಿದ್ದಕ್ಕೆ ದಾಖಲೆ ಸಿಗಲಿಲ್ಲ.

ರಿಜಿಸ್ಟರು ಬರೆಯುವವನು ನಾನು.
ದಾಖಲೆ ಹೇಗೆ ಸಿಗುವುದಿಲ್ಲ ಅನ್ನುವುದು
ನನಗೆ ತಿಳಿಯದ ವಿದ್ಯೆಯಲ್ಲ.
ಎರಡು ಡಜನ್ ಕಂಬಳಿ ನನ್ನ ಕೈಯಲ್ಲೇ ಸಿಗದೆ ಹೋಗಿವೆ.

ಶುಕ್ರವಾರ ಮೈದಾನ. ಮೈದಾನವೆಂದರೆ ಮರಳು,
ಅದು ಹಾರದಂತೆ ಮೇಲೆ ಸುರಿದ ಕಚ್ಚಾ ಎಣ್ಣೆ.
ರಿಫಾದ ಹುಡುಗರು ಬರಿಗಾಲಲ್ಲಿ ಬರುವರು,
ಮಗ್ರಿಬಿನ ಬಾಂಗಿಗೆ ಮೊಣಕಾಲ ತನಕ ಕಪ್ಪಾಗಿ ಹೋಗುವರು.
ಅವನು ತೋರಿಸುತ್ತಿದ್ದದ್ದು ಒಂದೇ ಪಟ್ಟು.
ಹುಡುಗರು ಹಾಗೇ ಕಲಿತರು:
ಎರಡು ಹೆಜ್ಜೆ ಕುಂಟು, ಭುಜ ಇತ್ತ, ಚೆಂಡು ಅತ್ತ.
ಸಲ್ಮೀನ್ ಎಂಬವನು ಎಲ್ಲರಿಗಿಂತ ಚೆನ್ನಾಗಿ ಕುಂಟುತ್ತಿದ್ದ.
ಕುಂಟು ಪಟ್ಟಲ್ಲ, ನೋವು ಅಂತ
ಹೇಳಲು ಅವನಿಗೆ ಅರಬ್ಬಿ ಬಾರದು.
ನನಗೆ ಬರುತ್ತಿತ್ತು.

ಯುದ್ಧ ಶುರುವಾದ ವರ್ಷ ಹೋದ. ಎಲ್ಲಿಗೆ, ಬರೆದಿಟ್ಟಿಲ್ಲ.
ಕಪಾಟಿನಲ್ಲಿ ಹೊಲಿಗೆ ಬಿಟ್ಟ ಚೆಂಡೊಂದಿತ್ತು.
ಚರ್ಮದ ವಸ್ತು, ಒಂದು, ಉಪಯೋಗಕ್ಕೆ ಬಾರದ್ದು
ಎಂದು ದಾಖಲಿಸಿದೆ.

ಮೊನ್ನೆ, ಅಂದರೆ ಮೂವತ್ತು ವರ್ಷದ ಮೇಲೆ,
ರಿಫಾದ ಓಣಿಯಲ್ಲಿ ಹುಡುಗನೊಬ್ಬ
ರಬ್ಬರ್ ಚೆಂಡು ತಳ್ಳುತ್ತ ಎದುರು ಬಂದ.
ನನ್ನ ಹತ್ತಿರ ಬಂದು ಎರಡು ಹೆಜ್ಜೆ ಕುಂಟಿದ.
ಕಾಲಿಗೇನಾಯಿತು ಮಗಾ, ಅಂತ ಬಗ್ಗಿದೆ.
ಏನಿಲ್ಲ, ಹೀಗೇ ಮಾಡುವುದು, ಅಂದದ್ದು
ಬೆನ್ನ ಹಿಂದಿನಿಂದ ಕೇಳಿಸಿತು.
ನಾನಿನ್ನೂ
ಅವನು ಹೋಗದ ಕಡೆಗೇ ವಾಲಿದ್ದೆ.